ಬಚ್ಚಲುಮನೆಯ ಹೊಸ್ತಿಲು

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ಹಳೆಯ ಮನೆಗಳನ್ನು ಕಂಡವರಿಗೆ ಅಲ್ಲಿಯ ಬಚ್ಚಲುಮನೆಯ ಪರಿಚಯ ಮಾಡಿಕೊಡಬೇಕಾದುದಿಲ್ಲ. ಮೂಲೆಯ ಒಲೆಯಲ್ಲಿ ಹೂತ ತಾಮ್ರದ ಹಂಡೆ. ಒಲೆಯ ಬಾಯಲ್ಲಿ ತೆಂಗಿನ ಮಟ್ಟೆ, ಕರಟ, ಒಣಗಿದ ಗರಿ. ಕಾಲ ಕೆಳಗೆ ಕಲ್ಲಿನ ಚಪ್ಪಡಿ. ಗೋಡೆಯ ಬುಡದಲ್ಲಿ ನೀರು ಹೊರಕ್ಕೆ ಹರಿಯುವ ತೂಬು. ತೂಬಿನಾಚೆ ಹಿತ್ತಲಿನಲ್ಲಿ ಬಚ್ಚಲ ನೀರನ್ನೇ ಕುಡಿದು ಕೊಬ್ಬಿದ ಒಂದು ತೆಂಗಿನ ಮರ, ಇಲ್ಲವೆ ನಾಲ್ಕು ಬಾಳೆ. ಬಾಗಿಲಿನ ಅಗಲ ಎರಡಡಿ ಅಥವಾ ಎರಡೂಕಾಲಡಿ. ಅದಕ್ಕೆ ಮೂರು ಅಂಗುಲ ಎತ್ತರದ ಹೊಸ್ತಿಲು. ಹೊಸ್ತಿಲನ್ನು ದಾಟಿದರೆ ಒಳಗಿನ ನೆಲ ನಡುಮನೆಯ ನೆಲಕ್ಕಿಂತ ಒಂದು ಮೆಟ್ಟಿಲಷ್ಟು ತಗ್ಗು. ನೀರು ಮನೆಯೊಳಕ್ಕೆ ನುಗ್ಗದಿರಲೆಂದು ನಮ್ಮ ಹಿರಿಯರು ಕಂಡುಕೊಂಡ ಉಪಾಯವಿದು. ಎರಡು ಕಾಲುಗಳ ಮೇಲೆ ನಡೆಯುವವನಿಗೆ ಇದರಿಂದ ಯಾವ ತೊಂದರೆಯೂ ಇಲ್ಲ. ಅಲ್ಲಿ ಹೊಸ್ತಿಲೊಂದಿದೆ ಎಂಬುದೇ ಅವನ ಗಮನಕ್ಕೆ ಬರುವುದಿಲ್ಲ.

ಆದರೆ ಇದು ತೆಂಗಿನ ಸೀಮೆ. ಇಲ್ಲಿಯ ಎತ್ತರದ ತಳಿಯ ಮರಗಳು ವಯಸ್ಸಾದಂತೆ ಹದಿನೈದು ಇಪ್ಪತ್ತು ಮೀಟರ್ ಎತ್ತರಕ್ಕೆ ಬೆಳೆದು ನಿಲ್ಲುತ್ತವೆ. ಕಾಯಿ ಕೆಡಹಲು, ಎಳನೀರು ಇಳಿಸಲು, ಸುಳಿಯನ್ನು ಶುಚಿಮಾಡಲು ಮರ ಹತ್ತುವವರು ಬೇಕು. ಅವರಲ್ಲಿ ಬಹುಮಂದಿ ಜೀವಮಾನವೆಲ್ಲ ಹತ್ತಿ ಇಳಿದು ಕ್ಷೇಮವಾಗಿರುತ್ತಾರೆ, ಕೆಲವರು ಬೀಳುತ್ತಾರೆ. ಭೌತಶಾಸ್ತ್ರದ ಮೊದಲ ಪಾಠಗಳನ್ನು ಓದಿದ ವಿದ್ಯಾರ್ಥಿಯೂ ಈ ಲೆಕ್ಕವನ್ನು ಮಾಡಬಲ್ಲನು: 15 ಮೀಟರ್ ಎತ್ತರದಿಂದ ಜಾರಿದವನು ಒಂದೂಮುಕ್ಕಾಲು ಸೆಕೆಂಡಿನಲ್ಲಿ ನೆಲವನ್ನು ಮುಟ್ಟುತ್ತಾನೆ. ಆಗ ಅವನ ವೇಗ ಸೆಕೆಂಡಿಗೆ 17 ಮೀಟರ್, ಎಂದರೆ ಗಂಟೆಗೆ 60 ಕಿಲೋಮೀಟರಿಗಿಂತಲೂ ಹೆಚ್ಚು.

ಕಾಲೂರಿಯೋ ಕುಂಡೆಯೂರಿಯೋ ಬಿದ್ದಾಗ ಆ ಪೆಟ್ಟು ಬೆನ್ನೆಲುಬಿನ ಸರಣಿಯುದ್ದಕ್ಕೂ ಮೇಲಕ್ಕೆ ಹಾಯುತ್ತದೆ. ಪಕ್ಕೆಲುಬುಗಳ ಗೂಡಿಗೆ ಬಿಗಿದುಕೊಂಡಿರುವ ಎದೆಭಾಗದ ಬೆನ್ನೆಲುಬು ಗಡುಸು. ಅದರ ಕೆಳಗಿನ ಸೊಂಟದ ಭಾಗ ಬಾಗುವಂಥದು. ಗಡುಸಾದುದೂ ಬಾಗುವುದೂ ಕೂಡುವೆಡೆಯಲ್ಲಿ, ಎಂದರೆ ಎದೆಭಾಗದ ಕೊನೆಯ ಮಣಿ ಮತ್ತು ಸೊಂಟದ ಮೊದಲ ಮಣಿಗಳ ಬಳಿಯಲ್ಲಿ, ಮೂಳೆ ಪುಡಿಯಾಗುವುದು ಹೆಚ್ಚು. ಒಳಗಿನ ಬೆನ್ನುಹುರಿಗೂ ಪೆಟ್ಟಾದರೆ ಅಲ್ಲಿಂದ ಕೆಳಕ್ಕೆ ಚಲನೆಯೂ ಸ್ಪರ್ಶಜ್ಞಾನವೂ ನಿಂತುಹೋಗುತ್ತವೆ. ಮೂತ್ರಕೋಶವೂ ಮಲಾಶಯವೂ ಹಿಡಿತ ತಪ್ಪುತ್ತವೆ. ಕೈಗಳಿಗೆ ಮಾತ್ರ ಏನೂ ಆಗುವುದಿಲ್ಲ. ಮರವನ್ನು ತಬ್ಬಿ ಹತ್ತಿದ ಆ ಬಲವಾದ ತೋಳುಗಳು ಹಾಗೆಯೇ ಉಳಿದಿರುತ್ತವೆ. ಈ ಒಂದು ಸಂಗತಿಯನ್ನು ಓದುಗರು ನೆನಪಿನಲ್ಲಿಡಬೇಕು. ಮುಂದಿನ ಮಾತೆಲ್ಲ ಅದನ್ನೇ ಅವಲಂಬಿಸಿದೆ.

ಇಂಥ ರೋಗಿಗಳು ಒಂದು ಕಾಲದಲ್ಲಿ ಬದುಕುತ್ತಲೇ ಇರಲಿಲ್ಲ. ಮೊದಲನೆಯ ಮಹಾಯುದ್ಧದಲ್ಲಿ ಬೆನ್ನುಹುರಿಗೆ ಗಾಯವಾದ ಸೈನಿಕರಲ್ಲಿ ಬಹುಪಾಲು ಮಂದಿ ಕೆಲವೇ ವಾರಗಳಲ್ಲಿ ಅಥವಾ ತಿಂಗಳುಗಳಲ್ಲಿ ತೀರಿಕೊಂಡರು. ಅವರನ್ನು ಕೊಂದದ್ದು ಗಾಯವಲ್ಲ. ಒಂದೇ ಮಗ್ಗುಲಲ್ಲಿ ಮಲಗಿ ಆದ ಒತ್ತುಹುಣ್ಣು ಮತ್ತು ಮೂತ್ರಾಂಗಗಳ ಸೋಂಕು. 1944ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಲುಡ್ವಿಗ್ ಗುಟ್‌ಮನ್ ಎಂಬ ವೈದ್ಯನು ಇವೆರಡನ್ನೂ ಶತ್ರುಗಳೆಂದು ಗುರುತಿಸಿ ಚಿಕಿತ್ಸಾಕೇಂದ್ರವೊಂದನ್ನು ನಡೆಸತೊಡಗಿದನು. ಚರ್ಮವನ್ನು ಕಾಪಾಡುವುದು, ಮೂತ್ರಕೋಶವನ್ನು ಹೊತ್ತುಹೊತ್ತಿಗೆ ಬರಿದುಮಾಡುವುದು, ರೋಗಿಯನ್ನು ಎಬ್ಬಿಸಿ ಕೂರಿಸಿ ಕೆಲಸಕ್ಕೆ ಹಚ್ಚುವುದು, ಇದು ಅವನ ಕ್ರಮ. ನಮ್ಮ ನೆರೆಯಲ್ಲಿಯೇ ವೆಲ್ಲೂರಿನ ಕ್ರೈಸ್ತ ವೈದ್ಯಕೀಯ ಕಾಲೇಜಿನ ವೈದ್ಯೆ ಮೇರಿ ವರ್ಗೀಸ್ 1954ರಲ್ಲಿ ಕಾರು ಅಪಘಾತದಿಂದ ಕಾಲುಗಳ ಸ್ವಾಧೀನವನ್ನು ಕಳೆದುಕೊಂಡರು. ಗಾಲಿಕುರ್ಚಿಯಲ್ಲಿ ಕುಳಿತೇ ಶಸ್ತ್ರಚಿಕಿತ್ಸೆ ಮಾಡಿದರು. ಅವರ ಶ್ರಮದಿಂದ ರೂಪುಗೊಂಡ ಪುನಶ್ಚೇತನ ಕೇಂದ್ರವು ಅಲ್ಲಿ 1966ರಲ್ಲಿ ಪ್ರಾರಂಭವಾಯಿತು. ಬೆಂಗಳೂರಿನಲ್ಲಿ ತಾವೇ ಗಾಲಿಕುರ್ಚಿಯನ್ನು ಬಳಸುತ್ತಿದ್ದ ಎನ್. ಎಸ್. ಹೇಮಾ ಅವರು 1959ರಲ್ಲಿ ಆರಂಭಿಸಿದ ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿ ಎಂಬ ಸಂಸ್ಥೆ ಇಂದಿಗೂ ಕೆಲಸಮಾಡುತ್ತಿದೆ.

ಈ ಚರಿತ್ರೆಯನ್ನು ಬಚ್ಚಲುಮನೆಯ ಲೇಖನದಲ್ಲಿ ಹೇಳುವುದೇಕೆ ಎಂದರೆ, ಗುಟ್‌ಮನ್ ಗುರುತಿಸಿದ ಎರಡು ಶತ್ರುಗಳನ್ನೂ ಮನೆಯಲ್ಲಿ ದಿನದಿನವೂ ತಡೆದು ನಿಲ್ಲಿಸಬೇಕಾದ ಸ್ಥಳ ಬಚ್ಚಲುಮನೆ ಮತ್ತು ಶೌಚಗೃಹಗಳೇ. ಕೈ ತೊಳೆದು ಶುಚಿಯಾದ ನಳಿಕೆಯಿಂದ ಮೂತ್ರವನ್ನು ತೆಗೆಯುವುದು ಅಲ್ಲಿ. ನಿಗದಿಯಾದ ಹೊತ್ತಿಗೆ ಕುಳಿತು, ಕೆಲವೊಮ್ಮೆ ಅರ್ಧ ಗಂಟೆ ಮುಕ್ಕಾಲು ಗಂಟೆ ಕಾದು, ಮಲವಿಸರ್ಜನೆ ಮಾಡುವುದು ಅಲ್ಲಿ. ತಾನೇ ಕಾಣಲಾರದ ಬೆನ್ನಿನ ಕೆಳಭಾಗವನ್ನು ಕನ್ನಡಿ ಹಿಡಿದು ಪರೀಕ್ಷಿಸುವುದೂ ಅಲ್ಲಿಯೇ. ಆಸ್ಪತ್ರೆಯ ಸಮತಟ್ಟಾದ ನೆಲದ ಮೇಲೆ ಇದನ್ನೆಲ್ಲ ತಾನೇ ಮಾಡಿಕೊಳ್ಳಲು ಕಲಿತವನು ಗಾಲಿಕುರ್ಚಿಯಲ್ಲಿ ಊರಿಗೆ ಬರುತ್ತಾನೆ; ನಡುಮನೆಯನ್ನು ದಾಟುತ್ತಾನೆ; ಬಚ್ಚಲ ಹೊಸ್ತಿಲ ಮುಂದೆ ನಿಲ್ಲುತ್ತಾನೆ. ಅಂದಿನಿಂದ ಅವನನ್ನು ಇಬ್ಬರು ಹೊತ್ತು ಒಳಗಿಡಬೇಕು. ಅವರು ತೋಟಕ್ಕೆ ಹೋದ ದಿನ ಸ್ನಾನವಿಲ್ಲ, ನೀರು ಕುಡಿದರೆ ತೊಂದರೆಯೆಂದು ನೀರನ್ನೂ ಕುಡಿಯುವುದಿಲ್ಲ. ನೀರು ಕಡಮೆಯಾದರೆ ಮೂತ್ರದ ಸೋಂಕು ಬರಲು ದಾರಿಯಾಯಿತು. ಮರದಿಂದ ಬಿದ್ದವರಿಗೆ ಮಾತ್ರವೇ ಅಲ್ಲ, ರಸ್ತೆಯ ಅಪಘಾತಕ್ಕೆ ಸಿಕ್ಕವರಿಗೂ ಪಾರ್ಶ್ವವಾಯುವಾದ ಮುದುಕರಿಗೂ ಇದೇ ಪಾಡು.

ಮೂರಂಗುಲದ ಹೊಸ್ತಿಲು ಅಷ್ಟು ದೊಡ್ಡ ಅಡ್ಡಿಯೆ? ಲೆಕ್ಕ ಹಾಕಿ ನೋಡೋಣ. ಗಾಲಿಕುರ್ಚಿಯ ಮುಂದಿನ ಚಿಕ್ಕ ಗಾಲಿಯ ವ್ಯಾಸ 20 ಸೆಂ.ಮೀ. ಎಂದಿಟ್ಟುಕೊಳ್ಳಿ, ತ್ರಿಜ್ಯ 10 ಸೆಂ.ಮೀ. ಮೆಟ್ಟಿಲಿನ ಅಂಚಿಗೆ ತಾಗಿದ ಗಾಲಿ ಒಂದು ಸನ್ನೆಯಂತೆ ವರ್ತಿಸುತ್ತದೆ; ಆ ಅಂಚೇ ಅದರ ಆನಿಕೆ. ಮುಂದಕ್ಕೆ ತಳ್ಳುವ ಬಲವು ಗಾಲಿಯನ್ನು ಅಂಚಿನ ಮೇಲಕ್ಕೆ ಉರುಳಿಸಲು ನೋಡುತ್ತದೆ. ಮೇಲಿನ ಭಾರವು ಹಿಂದಕ್ಕೆ ಉರುಳಿಸಲು ನೋಡುತ್ತದೆ. ತಳ್ಳುವ ಬಲದ ತೋಳು ಎಷ್ಟುದ್ದ? ಅಚ್ಚು ಅಂಚಿಗಿಂತ ಎಷ್ಟು ಮೇಲಿದೆಯೋ ಅಷ್ಟು. ಎಂದರೆ ತ್ರಿಜ್ಯದಲ್ಲಿ ಮೆಟ್ಟಿಲಿನ ಎತ್ತರವನ್ನು ಕಳೆದರೆ ಉಳಿಯುವಷ್ಟು. ಭಾರದ ತೋಳನ್ನು ಪೈಥಾಗೊರಸನ ಪ್ರಮೇಯದಿಂದ ಪಡೆಯಬಹುದು. ಮೆಟ್ಟಿಲು ಒಂದಂಗುಲ, ಎಂದರೆ 2.5 ಸೆಂ.ಮೀ. ಇದ್ದರೆ ಮೊದಲನೆಯ ತೋಳು 7.5, ಎರಡನೆಯದು ಸುಮಾರು 6.6; ಗಾಲಿಯ ಮೇಲಿನ ಭಾರದ ಶೇಕಡ 88ರಷ್ಟು ಬಲದಿಂದ ತಳ್ಳಿದರೆ ಅದು ಹತ್ತುತ್ತದೆ. ಮೆಟ್ಟಿಲು ಮೂರಂಗುಲ, ಎಂದರೆ 7.5 ಸೆಂ.ಮೀ. ಆದರೆ ಮೊದಲನೆಯ ತೋಳು ಕೇವಲ 2.5ಕ್ಕೆ ಇಳಿಯುತ್ತದೆ, ಎರಡನೆಯದು 9.7ಕ್ಕೆ ಏರುತ್ತದೆ, ಬೇಕಾದ ಬಲ ಭಾರದ ಸುಮಾರು ನಾಲ್ಕು ಪಟ್ಟು! ಮನುಷ್ಯನೂ ಕುರ್ಚಿಯೂ ಸೇರಿ 80 ಕಿ.ಗ್ರಾಂ. ಇದ್ದು, ಅದರಲ್ಲಿ 25 ಕಿ.ಗ್ರಾಂ. ಮುಂದಿನ ಗಾಲಿಗಳ ಮೇಲಿದ್ದರೆ, ತಳ್ಳುವ ಬಲ 97 ಕಿ.ಗ್ರಾಂ. ಭಾರಕ್ಕೆ ಸಮನಾಗಬೇಕು. ಮೆಟ್ಟಿಲಿನ ಎತ್ತರ ತ್ರಿಜ್ಯಕ್ಕೆ ಸಮವಾದರಂತೂ ಮೊದಲನೆಯ ತೋಳು ಸೊನ್ನೆ. ಭೀಮನೇ ಬಂದು ತಳ್ಳಿದರೂ ಗಾಲಿ ಅಲ್ಲಾಡದು.

ಗಾಲಿಕುರ್ಚಿಯನ್ನು ಮೆಟ್ಟಿಲು ಹತ್ತಿಸುವವರು ಅದನ್ನು ಹಿಂದುಮುಂದಾಗಿ ತಿರುಗಿಸಿ ಎಳೆಯುವುದನ್ನು ಕೆಲವರು ಗಮನಿಸಿರಬಹುದು. ಹಿಂದಿನ ದೊಡ್ಡ ಗಾಲಿಯ ತ್ರಿಜ್ಯ ಸುಮಾರು 30 ಸೆಂ.ಮೀ. ಅದಕ್ಕೆ ಮೂರಂಗುಲದ ಮೆಟ್ಟಿಲು, ಚಿಕ್ಕ ಗಾಲಿಗೆ ಒಂದಂಗುಲದ ಮೆಟ್ಟಿಲು ಇದ್ದ ಹಾಗೆ; ತ್ರಿಕೋಣಗಳು ಸಮರೂಪವಾದುದರಿಂದ ಅನುಪಾತವೂ ಅದೇ ಶೇಕಡ 88. ಆದರೆ ಇದಕ್ಕೆ ಎಳೆಯುವವರು ಬೇಕು. ಒಬ್ಬನೇ ಇದ್ದಾಗ ಹೊಸ್ತಿಲು ಒಂದು ಗೋಡೆಯೇ ಸರಿ. ಅಂತರವನ್ನು 12 ಮಿ.ಮೀ.ಗೆ ಇಳಿಸಿ ಅಂಚನ್ನು ಓರೆಯಾಗಿ ಕೆತ್ತಿದರೆ ಸಾಕು, ಕುಳಿತವನು ತಾನೇ ದಾಟುತ್ತಾನೆ.

ಹಾಗಾದರೆ ಹೊಸ್ತಿಲನ್ನು ಕಿತ್ತು ಒಂದು ಇಳಿಜಾರನ್ನು ಕಟ್ಟಿದರಾಯಿತಲ್ಲ ಎನ್ನಿಸುವುದು ಸಹಜ. ಇಳಿಜಾರಿಗೆ ಅಂಗೀಕೃತವಾದ ಪ್ರಮಾಣ ಹನ್ನೆರಡಕ್ಕೆ ಒಂದು: ಒಂದಂಗುಲ ಏರಲು ಒಂದಡಿ ಉದ್ದ. ಇದರ ಮೇಲೆ 80 ಕಿ.ಗ್ರಾಂ. ಭಾರವನ್ನು ಏರಿಸಲು ಹನ್ನೆರಡನೆಯ ಒಂದು ಪಾಲು, ಎಂದರೆ ಏಳು ಕಿ.ಗ್ರಾಂ.ಗೆ ಸ್ವಲ್ಪ ಕಡಮೆ ಬಲ ಸಾಕು. ಗಾಲಿಗಳ ಘರ್ಷಣೆಗೆ ತುಸು ಸೇರಿಸಿಕೊಳ್ಳಿ. ಆದರೆ ಬಚ್ಚಲ ನೆಲ ಆರಂಗುಲ ತಗ್ಗಾಗಿದ್ದರೆ ಆರಡಿ ಉದ್ದದ ಇಳಿಜಾರು ಬೇಕಾಗುತ್ತದೆ, ಮತ್ತು ಬಚ್ಚಲುಮನೆಯ ಉದ್ದವೇ ಬಹುಶಃ ಏಳಡಿ! ಸ್ನಾನ ಮಾಡುವುದೆಲ್ಲಿ? ಆದುದರಿಂದ ಇಂಥ ಮನೆಗಳಲ್ಲಿ ಇಳಿಜಾರು ಕಟ್ಟುವುದಕ್ಕಿಂತ ಬಚ್ಚಲಿನ ನೆಲವನ್ನೇ ತುಂಬಿ ನಡುಮನೆಯ ಮಟ್ಟಕ್ಕೆ ಎತ್ತುವುದು ಮೇಲು. ಅಂಗಳದಿಂದ ಮನೆಯೊಳಕ್ಕೆ ಬರುವ ಮೆಟ್ಟಿಲುಗಳಿಗೆ ಇಳಿಜಾರು ಬೇಕೇ ಬೇಕು. ಅದಕ್ಕೆ ಹಳೆಯ ತೆಂಗಿನ ಮರದ ಹೊರಭಾಗದ ಹಲಗೆಗಳು ಚೆನ್ನಾಗಿ ಒದಗುತ್ತವೆ. ತೆಂಗಿನ ಕಾಂಡದ ಹೊರಸುತ್ತು ದಟ್ಟ, ನಡುಭಾಗ ಮೆದು. ಇತರ ಮರಗಳಲ್ಲಿ ಕೇಗು ಒಳಗಿದ್ದರೆ ಇದರಲ್ಲಿ ಗಟ್ಟಿತನವೆಲ್ಲ ಹೊರಗೆ. ಆದರೆ ಸದಾ ತೇವವಿರುವೆಡೆ ಈ ಹಲಗೆ ಬಹುಬೇಗ ಕೊಳೆಯುವುದರಿಂದ ಬಚ್ಚಲೊಳಗೆ ಬಳಸಬಾರದು.

ನೆಲವನ್ನು ಎತ್ತಿಸುವ ಮಾತನ್ನು ಆಡಿದೊಡನೆ ಮೇಸ್ತ್ರಿ ಕೇಳುವ ಪ್ರಶ್ನೆ ಒಂದೇ: “ಹೊಸ್ತಿಲು ತೆಗೆದರೆ ನೀರೆಲ್ಲಾ ನಡುಮನೆಗೆ ಬರ್ತದಲ್ಲ ಸ್ವಾಮಿ?” ಪ್ರಶ್ನೆ ನ್ಯಾಯವಾದುದೇ. ಹೊಸ್ತಿಲು ಮಾಡುತ್ತಿದ್ದ ಕೆಲಸವನ್ನು ಇನ್ನು ಮುಂದೆ ನೆಲದ ಓರೆ ಮಾಡಬೇಕು. ಬಾಗಿಲಿನಿಂದ ಎದುರು ಗೋಡೆಯ ಕಡೆಗೆ ಐವತ್ತಕ್ಕೆ ಒಂದರಂತೆ ಓರೆ ಕೊಟ್ಟರೆ, ಎರಡು ಮೀಟರ್ ಉದ್ದದ ಕೋಣೆಯಲ್ಲಿ ಆಚೆಯ ಕೊನೆ 4 ಸೆಂ.ಮೀ. ತಗ್ಗಾಗುತ್ತದೆ; ನೀರು ಹರಿಯಲು ಅಷ್ಟು ಸಾಕು. ಇನ್ನೂ ಕಡಿದು ಮಾಡಿದರೆ ನೀರು ಬೇಗ ಹರಿದೀತು, ಆದರೆ ಕುರ್ಚಿಯೂ ಹರಿಯತೊಡಗುತ್ತದೆ! ಐವತ್ತಕ್ಕೆ ಒಂದರ ಓರೆಯಲ್ಲಿ 80 ಕಿ.ಗ್ರಾಂ. ಭಾರವನ್ನು ಕೆಳಕ್ಕೆಳೆಯುವ ಬಲ ಒಂದೂವರೆ ಕಿ.ಗ್ರಾಂ.ಗಿಂತ ತುಸು ಹೆಚ್ಚು. ಇಪ್ಪತ್ತಕ್ಕೆ ಒಂದಾದರೆ ನಾಲ್ಕು ಕಿ.ಗ್ರಾಂ. ಕುರ್ಚಿಯಿಂದ ಪೀಠಕ್ಕೆ ಸರಿಯುವ ಹೊತ್ತಿನಲ್ಲಿ ಇದು ಅಪಾಯಕರ. ಬಾಗಿಲಿನ ಬುಡದಲ್ಲಿ ಅಡ್ಡಲಾಗಿ ಒಂದು ಕಾಲುವೆಯನ್ನು ತೋಡಿ, ಮೇಲೆ ಕಬ್ಬಿಣದ ಜಾಲರಿ ಹಾಸಿದರೆ ಸಿಡಿದು ಬಂದ ನೀರೂ ಅಲ್ಲಿಯೇ ನಿಲ್ಲುತ್ತದೆ. ಜಾಲರಿಯ ಸೀಳುಗಳು ಗಾಲಿ ಸಾಗುವ ದಿಕ್ಕಿಗೆ ಅಡ್ಡವಾಗಿರಲಿ, ಅಗಲ 12 ಮಿ.ಮೀ. ಮೀರದಿರಲಿ, ಇಲ್ಲವಾದರೆ ಮುಂದಿನ ಗಾಲಿ ಸೀಳಿನಲ್ಲಿ ಸಿಕ್ಕಿಕೊಂಡು ಕುರ್ಚಿ ಮುಗ್ಗರಿಸುತ್ತದೆ. ನೆಲವನ್ನು ಎತ್ತಿದಾಗ ತೂಬನ್ನೂ ಮೇಲಕ್ಕೆ ತರಬೇಕು, ಮತ್ತು ಮಣ್ಣಿನ ಗೋಡೆಯಾದರೆ ಬುಡದಿಂದ ಒಂದೆರಡಡಿ ಎತ್ತರದವರೆಗೆ ನೀರಿಳಿಯದ ಗಾರೆಯನ್ನು ಮಾಡಿಸಬೇಕು. ಹಿತ್ತಲಿನ ಬಾಳೆಗೆ ನೀರು ಎಂದಿನಂತೆಯೇ ಹೋಗುತ್ತದೆ.

ನೆಲಕ್ಕೆ ಯಾವ ಕಲ್ಲು, ಯಾವ ಬಿಲ್ಲೆ? ಅಂಗಡಿಯವನು ಹೊಳೆಯುವ ಬಿಲ್ಲೆಯನ್ನು ತೋರಿಸುತ್ತಾನೆ, ಮನೆಯವರಿಗೂ ಅದೇ ಇಷ್ಟವಾಗುತ್ತದೆ. ಇಲ್ಲಿ ಓದುಗರು ಒಂದು ಪ್ರಯೋಗವನ್ನು ಮಾಡಿ ನೋಡಬಹುದು. ಬಿಲ್ಲೆಯೊಂದನ್ನು ಸಾಬೂನಿನ ನೀರಿನಿಂದ ನೆನೆಸಿ, ಅದರ ಮೇಲೆ ಹಳೆಯ ರಬ್ಬರ್ ಚಪ್ಪಲಿಯನ್ನಿಟ್ಟು, ಚಪ್ಪಲಿಗೆ ಒಂದು ಕಲ್ಲನ್ನು ಕಟ್ಟಿ, ಬಿಲ್ಲೆಯ ಒಂದು ಅಂಚನ್ನು ಮೆಲ್ಲಮೆಲ್ಲನೆ ಎತ್ತುತ್ತ ಹೋಗಿ. ಚಪ್ಪಲಿ ಜಾರತೊಡಗಿದಾಗಿನ ಕೋನದ ಸ್ಪರ್ಶಕವೇ ಘರ್ಷಣೆಯ ಗುಣಾಂಕ. 11 ಡಿಗ್ರಿಗೇ ಜಾರಿದರೆ ಗುಣಾಂಕ 0.2, 22 ಡಿಗ್ರಿಯವರೆಗೆ ನಿಂತರೆ 0.4. ಎರಡಕ್ಕೂ ಬೆಲೆ ಒಂದೇ ಇರಬಹುದು, ಆದರೆ ಬಚ್ಚಲಲ್ಲಿ ಅವು ಒಂದೇ ಅಲ್ಲ. ಅನಂತರ ಅದೇ ಬಿಲ್ಲೆಗೆ ಎರಡು ತೊಟ್ಟು ಕೊಬ್ಬರಿ ಎಣ್ಣೆಯನ್ನು ಸವರಿ ನೋಡಿ. ನಮ್ಮ ಸೀಮೆಯಲ್ಲಿ ಎಣ್ಣೆಸ್ನಾನದ ದಿನದ ಬಚ್ಚಲು ಹೇಗಿರುತ್ತದೆಂಬುದು ತಿಳಿಯುತ್ತದೆ. ಒರಟಾಗಿ ಕೆತ್ತಿದ ಹಳೆಯ ಚಪ್ಪಡಿ ಈ ಪರೀಕ್ಷೆಯಲ್ಲಿ ಎಷ್ಟೋ ಹೊಸ ಬಿಲ್ಲೆಗಳಿಗಿಂತ ಮೇಲಾಗಿ ನಿಲ್ಲುವುದರಲ್ಲಿ ಆಶ್ಚರ್ಯವಿಲ್ಲ. ಚಿಕ್ಕ ಬಿಲ್ಲೆಗಳೂ ಒಳ್ಳೆಯವು. ಅವುಗಳ ನಡುವಣ ಅಸಂಖ್ಯಾತ ಸಂದುಗಳು ನೀರಿನ ಪೊರೆಯನ್ನು ಒಡೆಯುತ್ತವೆ.

ಇನ್ನು ಬಾಗಿಲು. ಗಾಲಿಕುರ್ಚಿಯ ಅಗಲ ಸುಮಾರು 65 ಸೆಂ.ಮೀ.; ಎರಡೂ ಬದಿಗೆ ಗಾಲಿಯನ್ನು ತಿರುಗಿಸುವ ಕೈಗಳು ಬೇರೆ. ಆದುದರಿಂದ 90 ಸೆಂ.ಮೀ., ಎಂದರೆ ಮೂರಡಿ, ತೆರಪಿರಬೇಕೆಂದು ವಿಧಿಸುತ್ತಾರೆ. ಎರಡೂಕಾಲಡಿಯ ಬಾಗಿಲಿಗೆ ಬಾಗಿಲುವಾಡ, ತೆರೆದ ಕದ ಎಲ್ಲ ಕಳೆದರೆ ಉಳಿಯುವುದು ಎರಡಡಿ. ಮಣ್ಣಿನ ಅಥವಾ ಕಲ್ಲಿನ ಗೋಡೆಯನ್ನು ಒಡೆದು ಅಗಲಿಸುವಾಗ ಮೇಲಿನ ಭಾರವನ್ನು ಹೊರಲು ಉದ್ದವಾದ ಹೊಸ ತೊಲೆಯನ್ನು ಮೊದಲೇ ಕೂರಿಸಬೇಕು. ಗೋಡೆಯ ಮೇಲೆ ಅಟ್ಟವಿದ್ದು ಅದರ ಮೇಲೆ ವರ್ಷದ ಕೊಬ್ಬರಿಯ ಕಾಯಿ ರಾಶಿಬಿದ್ದಿದ್ದರೆ ಹೇಳುವುದೇ ಬೇಡ, ಅದನ್ನು ಇಳಿಸದೆ ಹಾರೆ ಹಾಕಲಾಗದು. ಕದ ಹೊರಕ್ಕೆ ತೆರೆಯಬೇಕು, ಇಲ್ಲವೆ ಪಕ್ಕಕ್ಕೆ ಜರುಗಬೇಕು. ಒಳಕ್ಕೆ ತೆರೆಯುವ ಕದ ಜಾಗವನ್ನು ನುಂಗುತ್ತದೆ. ಒಳಗೆ ಯಾರಾದರೂ ಬಿದ್ದರೆ ಬಿದ್ದವರ ದೇಹವೇ ಕದಕ್ಕೆ ಅಡ್ಡವಾಗಿ ಹೊರಗಿನವರು ತೆರೆಯಲಾರರು. ಹೊರಗಿನಿಂದಲೂ ತೆಗೆಯಬಹುದಾದ ಅಗುಳಿಯಿರಲಿ. ಗೋಡೆ ಒಡೆಯುವ ಶಕ್ತಿಯಿಲ್ಲದವರು ಕದವನ್ನೂ ಬಾಗಿಲುವಾಡವನ್ನೂ ತೆಗೆದು ದಪ್ಪನೆಯ ಪರದೆಯನ್ನು ಇಳಿಬಿಟ್ಟರೂ ಮೂರಂಗುಲ ದೊರೆಯುತ್ತದೆ.

ಒಳಗೆ ಹೋದ ಕುರ್ಚಿ ತಿರುಗುವುದಕ್ಕೆ ಐದಡಿ, ಎಂದರೆ ಒಂದೂವರೆ ಮೀಟರ್, ವ್ಯಾಸದ ತೆರಪು ಬೇಕೆನ್ನುತ್ತಾರೆ. ಕುಳಿತವನು ಒಂದು ಗಾಲಿಯನ್ನು ಮುಂದಕ್ಕೂ ಇನ್ನೊಂದನ್ನು ಹಿಂದಕ್ಕೂ ತಿರುಗಿಸಿದರೆ ಕುರ್ಚಿ ಎರಡು ದೊಡ್ಡ ಗಾಲಿಗಳ ನಡುಬಿಂದುವಿನ ಸುತ್ತ ಸುತ್ತುತ್ತದೆ. ಆ ಬಿಂದುವಿನಿಂದ ಅತಿ ದೂರವಿರುವುದು ಕಾಲ್ಬೆರಳ ತುದಿ. ಆ ದೂರ ಸುಮಾರು ಮುಕ್ಕಾಲು ಮೀಟರ್. ವೃತ್ತದ ತ್ರಿಜ್ಯ ಅದೇ. ಹಳ್ಳಿಯ ಮನೆಯಲ್ಲಿ ಇಷ್ಟು ತೆರಪು ಸಿಕ್ಕದಿದ್ದರೆ ಧೈರ್ಯಗೆಡಬೇಕಾದುದಿಲ್ಲ; ನೇರವಾಗಿ ಒಳಹೋಗಿ ಹಿಮ್ಮುಖವಾಗಿ ಹೊರಬರುವಂತೆ ಪೀಠಗಳನ್ನು ಜೋಡಿಸಬಹುದು.

ಶೌಚಪೀಠದ ವಿಷಯದಲ್ಲಿ ಎತ್ತರವೇ ಮುಖ್ಯ. ಕುರ್ಚಿಯಿಂದ ಪೀಠಕ್ಕೆ ದಾಟುವವನು ತೋಳುಗಳನ್ನು ಊರಿ ದೇಹವನ್ನು ಪಕ್ಕಕ್ಕೆ ಸರಿಸುತ್ತಾನೆ. ಎರಡೂ ಒಂದೇ ಮಟ್ಟದಲ್ಲಿದ್ದರೆ ಅದು ಸರಿಯುವ ಕೆಲಸ; ಪೀಠ ನಾಲ್ಕಂಗುಲ ತಗ್ಗಾಗಿದ್ದರೆ ಹೋಗುವುದೇನೋ ಸುಲಭ, ಹಿಂದಿರುಗುವಾಗ ಅರುವತ್ತು ಕಿ.ಗ್ರಾಂ. ದೇಹವನ್ನು ಎರಡು ತೋಳುಗಳಿಂದ ಹತ್ತು ಸೆಂ.ಮೀ. ಎತ್ತಬೇಕು. ಅಂಗಡಿಯಲ್ಲಿ ದೊರೆಯುವ ಕಮೋಡಿನ ಎತ್ತರ ಸುಮಾರು 40 ಸೆಂ.ಮೀ., ಗಾಲಿಕುರ್ಚಿಯ ಆಸನ 45ರಿಂದ 50. ಆದುದರಿಂದ ಕಮೋಡನ್ನು ಕೂರಿಸುವ ಮುಂಚೆ ಅದರ ಕೆಳಗೆ ಅದರದೇ ಆಕಾರದ ಗಾರೆಯ ಪೀಠವೊಂದನ್ನು ಕಟ್ಟಬೇಕು. ಒಂದು ಮಗ್ಗುಲಲ್ಲಿ ಮೂರಡಿ ತೆರಪು ಬಿಡಬೇಕು. ಅದು ಕುರ್ಚಿಯನ್ನು ಪಕ್ಕಕ್ಕೆ ತಂದು ನಿಲ್ಲಿಸುವ ಜಾಗ. ನೆಲದ ಮೇಲೆ ಕುಕ್ಕರಿಸುವ ಹಳೆಯ ಪೀಠವನ್ನು ಕೀಳದೆಯೂ ನಡೆಯುತ್ತದೆ: ನಡುವೆ ರಂಧ್ರವುಳ್ಳ ಗಾಲಿಯ ಸ್ನಾನಕುರ್ಚಿಯನ್ನು ಅದರ ಮೇಲೆ ತಂದು ನಿಲ್ಲಿಸಿದರಾಯಿತು. ಆದರೆ ಪಾದಗಳನ್ನಿಡುವ ಉಬ್ಬುಗಲ್ಲುಗಳು ಗಾಲಿಗೆ ಅಡ್ಡವಾಗುವುದರಿಂದ ಅವನ್ನು ನೆಲದ ಮಟ್ಟಕ್ಕೆ ತಗ್ಗಿಸಬೇಕು. ಇದಕ್ಕಿಂತ ದೊಡ್ಡ ತೊಡಕು ಬೇರೆ: ಅನೇಕ ಮನೆಗಳಲ್ಲಿ ಶೌಚಗೃಹ ಹಿತ್ತಲಿನ ಕೊನೆಯಲ್ಲಿದೆ. ಸ್ನಾನದ ಮನೆಗೆ ಅದನ್ನು ಸೇರಿಸಿ ಕಟ್ಟುವುದಕ್ಕೆ ಹಿರಿಯರು ಮಡಿಯ ಮಾತನ್ನೆತ್ತಿ ಒಪ್ಪದಿರುವುದುಂಟು. ಮಳೆಗಾಲದ ಕೆಸರಿನಲ್ಲಿ ಗಾಲಿಕುರ್ಚಿಯನ್ನು ಅಲ್ಲಿಯವರೆಗೆ ಒಂದು ದಿನ ತಾವೇ ತಳ್ಳಿಕೊಂಡು ಹೋಗಿ ಬಂದರೆ ಆ ಆಕ್ಷೇಪ ಉಳಿಯಲಾರದೆಂದು ನನಗೆ ತೋರುತ್ತದೆ.

ಗೋಡೆಗೆ ಹಾಕುವ ಹಿಡಿಕಂಬಿಯೆಂದರೆ ಟವೆಲು ತೂಗುಹಾಕುವ ಸಲಾಕೆಯಲ್ಲ. ಅದರ ದಪ್ಪ ಮುಷ್ಟಿಗೆ ತುಂಬುವಂತೆ ಒಂದೂಕಾಲಿನಿಂದ ಒಂದೂವರೆ ಅಂಗುಲ ಇರಬೇಕು. ಗೋಡೆಗೂ ಅದಕ್ಕೂ ನಡುವೆ ಸುಮಾರು ಒಂದೂವರೆ ಅಂಗುಲ ತೆರಪು. ತೆರಪು ಇದಕ್ಕಿಂತ ಕಿರಿದಾದರೆ ಬೆರಳು ಸುತ್ತುವುದಿಲ್ಲ. ಹಿರಿದಾದರೆ ಜಾರಿದ ಕೈ ಮೊಣಕೈವರೆಗೆ ಒಳಕ್ಕೆ ಹೊಕ್ಕು ಮೂಳೆ ಮುರಿಯಬಹುದು. ಕಂಬಿ ಎಷ್ಟು ಭಾರವನ್ನು ತಡೆಯಬೇಕೆಂಬುದಕ್ಕೆ ಮತ್ತೆ ಸನ್ನೆಯ ಲೆಕ್ಕವೇ ಬೇಕು. ಗೋಡೆಯಿಂದ 75 ಸೆಂ.ಮೀ. ಮುಂಚಾಚಿದ ತೋಳುಕಂಬಿಯ ತುದಿಯ ಮೇಲೆ ಒಬ್ಬನು 40 ಕಿ.ಗ್ರಾಂ. ಭಾರ ಬಿಟ್ಟರೆ, ಬುಡದ ಪಟ್ಟಿಯಲ್ಲಿ 15 ಸೆಂ.ಮೀ. ಅಂತರದಲ್ಲಿರುವ ತಿರುಪುಗಳಲ್ಲಿ ಮೇಲಿನವನ್ನು ಹೊರಕ್ಕೆಳೆಯುವ ಬಲ 200 ಕಿ.ಗ್ರಾಂ. ಮಣ್ಣಿಟ್ಟಿಗೆಯ ಗೋಡೆಯಲ್ಲಿ ಮರದ ಬೆಣೆ ಹೊಡೆದು ತಿರುಪು ಬಿಗಿದರೆ ಅದು ಹಿಡಿಹಿಡಿ ಮಣ್ಣಿನೊಂದಿಗೆ ಕಿತ್ತುಬರುತ್ತದೆ. ಕಂಬಿಯಿದೆಯೆಂದು ನಂಬಿದವನು ಕಂಬಿಯಿಲ್ಲದವನಿಗಿಂತ ಕೆಟ್ಟದಾಗಿ ಬೀಳುತ್ತಾನೆ. ಗೋಡೆಯ ಈಚೆಯಿಂದ ಆಚೆಯವರೆಗೆ ಬೋಲ್ಟು ತೂರಿಸಿ, ಆಚೆ ಬದಿಯಲ್ಲಿ ಅಂಗೈಯಗಲದ ಉಕ್ಕಿನ ತಗಡನ್ನಿಟ್ಟು ಬಿಗಿಯಬೇಕು. ಇಲ್ಲವಾದರೆ ನೆಲದಿಂದ ಮೇಲಿನ ತೊಲೆಯವರೆಗೆ ಒಂದು ಕೊಳವೆಯ ಕಂಬವನ್ನು ನಿಲ್ಲಿಸಿ ಅದಕ್ಕೆ ಹಿಡಿಕೆಯನ್ನು ಜೋಡಿಸಬೇಕು.

ಸ್ನಾನಕ್ಕೆ ಒಂದು ಕಟ್ಟೆ ಸಾಕು: ಒಂದೂವರೆ ಅಡಿಗೆ ತುಸು ಮೇಲ್ಪಟ್ಟ ಎತ್ತರ, ಅಷ್ಟೇ ಅಗಲ, ಮೇಲೆ ನುಣುಪಲ್ಲದ ಕಲ್ಲು, ಉರುಟಾದ ಅಂಚು. ಕೆಳಗೆ ಪೊಳ್ಳು ಬಿಟ್ಟರೆ ಕುರ್ಚಿಯ ಪಾದಪೀಠ ಒಳಕ್ಕೆ ಸೇರಿ ದೇಹ ಕಟ್ಟೆಗೆ ಹತ್ತಿರವಾಗುತ್ತದೆ. ಬಕೆಟ್ಟನ್ನೂ ಅದೇ ಎತ್ತರದ ಮಣೆಯ ಮೇಲಿಟ್ಟರೆ ಬಾಗಿ ಮುಗ್ಗರಿಸುವ ಭಯವಿಲ್ಲ. ಕಟ್ಟೆಯ ಮೇಲೆ ನೀರು ಹೀರದ ಮೆತ್ತೆಯನ್ನು ಹಾಸುವುದು ಐಷಾರಾಮವೆಂದು ತಿಳಿಯಬಾರದು. ಚರ್ಮದ ಸೂಕ್ಷ್ಮ ರಕ್ತನಾಳಗಳಲ್ಲಿ ಒತ್ತಡ ಪಾದರಸದ 32 ಮಿ.ಮೀ. ಆಸುಪಾಸಿನದು, ಬರಿಯ ಕಲ್ಲಿನ ಮೇಲೆ ಕುಳಿತವನ ಕುಂಡೆಯ ಮೂಳೆಗಳ ಕೆಳಗೆ ಅದಕ್ಕಿಂತ ಹಲವು ಪಟ್ಟು ಒತ್ತಡವುಂಟಾಗಿ ರಕ್ತ ಹರಿಯದೆ ನಿಲ್ಲುತ್ತದೆ. ನಮಗಾದರೆ ಜೋಮು ಹಿಡಿದು ಮಗ್ಗುಲು ಬದಲಿಸುತ್ತೇವೆ. ಸ್ಪರ್ಶವಿಲ್ಲದವನಿಗೆ ಆ ಎಚ್ಚರಿಕೆ ಬರುವುದೇ ಇಲ್ಲ. ಅದಕ್ಕಾಗಿಯೇ ಹದಿನೈದು ಇಪ್ಪತ್ತು ನಿಮಿಷಕ್ಕೊಮ್ಮೆ ಕೈಯೂರಿ ದೇಹವನ್ನು ಎತ್ತಬೇಕೆಂದು ಕಲಿಸಿರುತ್ತಾರೆ. ಊರಲು ಎರಡೂ ಬದಿಯಲ್ಲಿ ಏನಾದರೂ ಇರಬೇಕಷ್ಟೆ.

ಹಂಡೆಯ ವಿಷಯವನ್ನು ಕೊನೆಗೆ ಉಳಿಸಿಕೊಂಡಿದ್ದೇನೆ, ಏಕೆಂದರೆ ನಮ್ಮ ಬಚ್ಚಲಿನಲ್ಲಿ ಅತಿ ಹೆಚ್ಚು ಅಪಾಯಕರವಾದ ವಸ್ತು ಅದೇ. ಕರಟದ ಉರಿ ತೀಕ್ಷ್ಣವಾದುದು. ಹಂಡೆಯ ನೀರು ಎಷ್ಟು ಕಾದಿದೆಯೆಂದು ಯಾರೂ ಅಳೆಯುವುದಿಲ್ಲ, ಕೈ ಅದ್ದಿ ನೋಡುತ್ತಾರೆ. 60 ಡಿಗ್ರಿ ಸೆಲ್ಸಿಯಸ್ ಶಾಖದ ನೀರು ಐದಾರು ಸೆಕೆಂಡುಗಳಲ್ಲಿ ಚರ್ಮವನ್ನು ಆಳವಾಗಿ ಸುಡುತ್ತದೆ. 49 ಡಿಗ್ರಿಯಾದರೆ ಹಲವು ನಿಮಿಷ ಬೇಕು. ಸ್ಪರ್ಶವುಳ್ಳವನು ಅರ್ಧ ಸೆಕೆಂಡಿನಲ್ಲಿ ಕಾಲೆಳೆದುಕೊಳ್ಳುತ್ತಾನೆ. ಬೆನ್ನುಹುರಿ ಘಾಸಿಯಾದವನು ತೊಡೆಯ ಮೇಲೆ ಕುದಿನೀರು ಸುರಿದುಕೊಂಡೂ ಮಾತನಾಡುತ್ತಲೇ ಇರಬಹುದು. ಬೊಬ್ಬೆಯೆದ್ದ ಮೇಲೆಯೇ ತಿಳಿಯುವುದು. ಆದುದರಿಂದ ಬಕೆಟ್ಟಿಗೆ ಮೊದಲು ತಣ್ಣೀರು, ಅನಂತರ ಬಿಸಿನೀರು. ಬೆರೆಸಿದ ಮೇಲೆ ಸ್ಪರ್ಶವುಳ್ಳ ಮೊಣಕೈಯಿಂದ ಪರೀಕ್ಷೆ. ಕೈಗೆ ಸಿಕ್ಕುವಂತೆ ಒಂದು ಉಷ್ಣಮಾಪಕವಿದ್ದು 38ರಿಂದ 40 ಡಿಗ್ರಿ ಮೀರದಂತೆ ನೋಡಿಕೊಂಡರೆ ಇನ್ನೂ ಕ್ಷೇಮ. ಕಾದ ಹಂಡೆಯ ಮೈಗೆ ಮೊಣಕಾಲು ತಾಗಿದರೂ ಅದೇ ಗತಿ. ಒಲೆಯ ಬಾಯಿ ಗೋಡೆಯ ಹೊರಗಿದ್ದು, ಹಂಡೆಯ ಸುತ್ತ ಇಟ್ಟಿಗೆಯ ಮರೆಗೋಡೆಯಿದ್ದರೆ ಒಳ್ಳೆಯದು. ವಿದ್ಯುತ್ ಹೀಟರಿದ್ದಲ್ಲಿ ಬಿಸಿನೀರಿನ ಕೊಳವೆಗಳಿಗೆ, ವಿಶೇಷವಾಗಿ ಕೈತೊಳೆಯುವ ತೊಟ್ಟಿಯ ಕೆಳಗೆ ಮೊಣಕಾಲು ಚಾಚುವೆಡೆ, ತೆಂಗಿನ ನಾರಿನ ಹಗ್ಗವನ್ನಾದರೂ ಬಿಗಿಯಾಗಿ ಸುತ್ತಬೇಕು.

2016ರ ವಿಕಲಚೇತನರ ಹಕ್ಕುಗಳ ಅಧಿನಿಯಮವೂ, 2021ರಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ಮಾರ್ಗಸೂಚಿಯೂ ಗಮನವಿಟ್ಟಿರುವುದು ಮುಖ್ಯವಾಗಿ ಸಾರ್ವಜನಿಕ ಕಟ್ಟಡಗಳ ಮೇಲೆ. ಸ್ವಂತ ಮನೆಯ ಬಚ್ಚಲಿನ ಅಳತೆಯನ್ನು ಬಂದು ನೋಡುವ ಅಧಿಕಾರಿಯಿಲ್ಲ. ಮರ ಹತ್ತುವವರಿಗಾಗಿ ತೆಂಗು ಅಭಿವೃದ್ಧಿ ಮಂಡಳಿಯ ‘ಕೇರ ಸುರಕ್ಷಾ’ ಎಂಬ ಅಪಘಾತ ವಿಮೆಯ ಯೋಜನೆಯಿದೆ. ಅಂಗವೈಕಲ್ಯಕ್ಕೂ ಅದರಲ್ಲಿ ಪರಿಹಾರವುಂಟು. ಆದರೆ ವಿಮೆ ಮಾಡಿಸುವುದು ಮರ ಹತ್ತುವ ಮುಂಚೆ. ಹಣ ಬಂದಾಗ ಅದರಲ್ಲಿ ಬಚ್ಚಲಿಗೆಂದು ಒಂದು ಪಾಲನ್ನು ಎತ್ತಿಡುವ ಆಲೋಚನೆ ಆ ಗಡಿಬಿಡಿಯಲ್ಲಿ ಯಾರಿಗೂ ಬರುವುದಿಲ್ಲ.

ಇಲ್ಲಿ ಕೊಟ್ಟ ಅಳತೆಗಳೆಲ್ಲ ಸರಾಸರಿ ಮನುಷ್ಯನವು. ಗಾರೆ ಕಲಸುವ ಮುನ್ನ ಆ ಮನೆಯವನ ಅಳತೆ ತಿಳಿಯಬೇಕು. ಅದಕ್ಕೆ ಖರ್ಚಿಲ್ಲದ ಒಂದು ದಾರಿಯಿದೆ. ಅಂಗಳವನ್ನು ಗುಡಿಸಿ, ಹೊಸ ಬಚ್ಚಲಿನ ನಕ್ಷೆಯನ್ನು ಸುಣ್ಣದ ಗೆರೆಗಳಿಂದ ನಿಜವಾದ ಅಳತೆಯಲ್ಲಿಯೇ ಬರೆಯಬೇಕು. ಬಾಗಿಲಿನ ಎರಡು ಬದಿಗೆ ಎರಡು ಗೂಟ ನೆಡಬೇಕು. ಕಟ್ಟೆಯ ಜಾಗದಲ್ಲಿ ಇಟ್ಟಿಗೆ ಪೇರಿಸಿ ಮೇಲೆ ಹಲಗೆಯನ್ನಿಡಬೇಕು. ಹಂಡೆಯ ಜಾಗದಲ್ಲಿ ಒಂದು ಕುಕ್ಕೆ. ಅನಂತರ ಗಾಲಿಕುರ್ಚಿಯವನೇ ಒಳಗೆ ಬಂದು, ತಿರುಗಿ, ಹಲಗೆಗೆ ಸರಿದು, ಮತ್ತೆ ಕುರ್ಚಿಗೆ ಹಿಂದಿರುಗಿ, ಹೊರಗೆ ಹೋಗಿ ತೋರಿಸಲಿ. ಗಾಲಿ ಯಾವ ಗೆರೆಯನ್ನು ತುಳಿಯಿತೋ ಆ ಗೆರೆಯನ್ನು ಅಳಿಸಿ ಬೇರೆ ಬರೆಯಬೇಕು. ಹಲಗೆ ತಗ್ಗಾಯಿತೆಂದು ಅವನೆಂದರೆ ಇನ್ನೊಂದು ಇಟ್ಟಿಗೆಯನ್ನು ಇಡಬೇಕು. ಮೇಸ್ತ್ರಿ ಆ ಹೊತ್ತಿನಲ್ಲಿ ಅಳತೆಪಟ್ಟಿ ಹಿಡಿದು ಪಕ್ಕದಲ್ಲಿ ನಿಂತಿರಲಿ.